ಸ್ಟಾರ್ ಆಟಗಾರನನ್ನು ಮಾರುವುದು ಸರಿಯಾ?

2023ರ ಜುಲೈಯಲ್ಲಿ ಕೇರಳ ಬ್ಲಾಸ್ಟರ್ಸ್ ತಂಡ ಸಹಲ್ ಅಬ್ದುಲ್ ಸಮದ್‌ರನ್ನು ಮೋಹನ್ ಬಗಾನ್‌ಗೆ ಬಿಟ್ಟುಕೊಟ್ಟಾಗ ನಮ್ಮ ಬೋವಿಕಾನದ ಹುಡುಗರಿಗೂ ಬೇಜಾರಾಗಿತ್ತು. ಬದಲಿಗೆ ಸಿಕ್ಕಿದ್ದು ಡಿಫೆಂಡರ್ ಪ್ರೀತಂ ಕೋಟಾಲ್, ಜೊತೆಗೆ ವರ್ಗಾವಣೆ ಶುಲ್ಕ.

ವ್ಯಾಪಾರದ ಲೆಕ್ಕದಲ್ಲಿ ನೋಡಿ. ಸಹಲ್ ಒಪ್ಪಂದ 2025ರವರೆಗೆ ಇತ್ತು. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ನೇರ ಮಾತಾಡಬಹುದು. ಅವಧಿ ಮುಗಿದರೆ ಹಳೇ ಕ್ಲಬ್‌ಗೆ ವರ್ಗಾವಣೆ ಶುಲ್ಕವೇ ಇಲ್ಲ. ಹಾಗಾಗಿ ಮಾರಿದ ಸಮಯ ಸರಿ.

ಆದರೆ ಮಿಡ್‌ಫೀಲ್ಡರ್ ಕೊಟ್ಟು ಡಿಫೆಂಡರ್ ತಂದರೆ ಒಂದು ಕಪಾಟು ತುಂಬುತ್ತದೆ, ಇನ್ನೊಂದು ಖಾಲಿ. ಆ ಸೀಸನ್‌ನಲ್ಲಿ ಬಗಾನ್ ಲೀಗ್ ಶೀಲ್ಡ್ ಗೆದ್ದಿತು, ಬ್ಲಾಸ್ಟರ್ಸ್ ಐದನೇ ಸ್ಥಾನಕ್ಕೆ ನಿಂತಿತು. ಇದಕ್ಕೆ ಸಹಲ್ ಒಬ್ಬರೇ ಕಾರಣ ಅಲ್ಲ. ಆದರೂ ಮಾರುವ ಮೊದಲೇ ಆ ಜಾಗಕ್ಕೆ ಯಾರು ಅಂತ ತೀರ್ಮಾನ ಆಗಿರಬೇಕು. ಇಲ್ಲದಿದ್ದರೆ ಬಂದ ಹಣವೂ ಗೋಲ್ ಹೊಡೆಯುವುದಿಲ್ಲ.