ತಾಯಿ ಇಲಿಯ ಹಸಿವು

ಬೆಳಗಾವಿಯ ರವಿವಾರ ಪೇಟೆಯ ಸಗಟು ಅಂಗಡಿಗಳಲ್ಲಿ ಧಾನ್ಯದ ಚೀಲಗಳನ್ನು ಒಟ್ಟಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಚೀಲಗಳ ಸಂದಿನಲ್ಲಿ ಅಡಗಿದ ಇಲಿಯೊಂದು ದಿನಕ್ಕೆ ಎಷ್ಟು ಕಾಳನ್ನು ತಿಂದೀತು? ಪ್ರಶ್ನೆ ಸರಳವಾಗಿ ತೋರಿದರೂ ಉತ್ತರವು ಸರಳವಲ್ಲ. ಇಲಿಯು ಗಂಡೋ ಹೆಣ್ಣೋ, ಹೆಣ್ಣಾದರೆ ಬಸಿರೋ ಬಾಣಂತಿಯೋ ಎಂಬುದನ್ನು ನಾವು ಮೊದಲು ವಿಚಾರಿಸಬೇಕಾಗುತ್ತದೆ.

ಹೆಣ್ಣಿಲಿಯು ನಾಲ್ಕೈದು ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಆಗ ಅದರ ಓಡಾಟ ಹೆಚ್ಚುತ್ತದೆ, ಆಹಾರ ತಗ್ಗುತ್ತದೆ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜನ್ ಎಂಬ ಹಾರ್ಮೋನು ಹಸಿವನ್ನು ಅಡಗಿಸುವುದೇ ಇದಕ್ಕೆ ಕಾರಣ. ಅಂಡಾಶಯವನ್ನು ತೆಗೆದುಹಾಕಿದರೆ ಇಲಿಯು ಹೆಚ್ಚು ತಿಂದು ಕೊಬ್ಬುತ್ತದೆ.

ಗರ್ಭ ನಿಂತ ಮೇಲೆ ಸ್ಥಿತಿ ಬದಲಾಗುತ್ತದೆ. ಸುಮಾರು ಮೂರು ವಾರಗಳ ಗರ್ಭಾವಧಿಯಲ್ಲಿ ತಾಯಿಯು ತುಸು ಹೆಚ್ಚು ತಿಂದು ಮೈಯಲ್ಲಿ ಕೊಬ್ಬನ್ನು ಕೂಡಿಡುತ್ತದೆ. ಆದರೆ ನಿಜವಾದ ಹಸಿವು ಆರಂಭವಾಗುವುದು ಹೆರಿಗೆಯ ತರುವಾಯ. ಹುಟ್ಟಿದಾಗ ಒಂದೆರಡು ಗ್ರಾಂ ತೂಗುವ ಮರಿಗಳು ಹಾಲು ಕುಡಿದು ಬೆಳೆಯುತ್ತವೆ. ಹಾಲು ಬಿಡುವ ವೇಳೆಗೆ ಮರಿಗಳ ಒಟ್ಟು ತೂಕವು ತಾಯಿಯ ತೂಕವನ್ನೇ ಮೀರಬಹುದು. ಅಷ್ಟು ಹಾಲು ತಯಾರಾಗಬೇಕಾದರೆ ತಾಯಿಯ ಕರುಳು, ಪಿತ್ತಜನಕಾಂಗಗಳು ಸಹ ಹಿಗ್ಗಬೇಕು. ಕೂಡಿಟ್ಟ ಕೊಬ್ಬು ಕರಗುತ್ತದೆ. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಹಾರ್ಮೋನು ಕುಗ್ಗುವುದರಿಂದ ಹಸಿವು ಮತ್ತಷ್ಟು ಕೆರಳುತ್ತದೆ.

ಈ ಹಸಿವಿಗೆ ಮಿತಿಯಿಲ್ಲವೇ? ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಸ್ಪೀಕ್‌ಮನ್ ಹಾಗೂ ಕ್ರೂಲ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಅವರ ಪ್ರಯೋಗಶಾಲೆಯ ಬಾಣಂತಿ ಚಿಟ್ಟಿಲಿಯು 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ದಿನಕ್ಕೆ ಸುಮಾರು 23 ಗ್ರಾಂ ತಿಂದಿತು. 8 ಡಿಗ್ರಿಯ ಚಳಿಯಲ್ಲಿ ಅದು 28 ಗ್ರಾಮಿಗಿಂತ ಹೆಚ್ಚಾಯಿತು; 30 ಡಿಗ್ರಿಯ ಸೆಕೆಯಲ್ಲಿ 13 ಗ್ರಾಮಿಗೆ ಇಳಿಯಿತು. ಹಾಲು ತಯಾರಾಗುವಾಗ ದೇಹದಲ್ಲಿ ಬಹಳ ಶಾಖ ಹುಟ್ಟುತ್ತದೆ. ಆ ಶಾಖವನ್ನು ಹೊರಹಾಕಲಾರದಿರುವುದೇ ಮಿತಿಯೆಂದು ಅವರು ಊಹಿಸಿದರು. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತಾಯಿಯ ಕೂದಲನ್ನು ಬೋಳಿಸಿ ನೋಡಲಾಯಿತು. ಬೋಳಿಸಿಕೊಂಡ ತಾಯಂದಿರು ಶೇಕಡಾ 12ರಷ್ಟು ಹೆಚ್ಚು ತಿಂದು, ಹೆಚ್ಚು ತೂಕದ ಮರಿಗಳನ್ನು ಬೆಳೆಸಿದವು!

ಇದು ಕೇವಲ ಕುತೂಹಲದ ಸಂಗತಿಯಲ್ಲ. ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಈ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು 1839ರಲ್ಲಿ ಪ್ರಕಟಿಸಿದನು. 1826ರಲ್ಲಿ ಮಳೆ ಕೈಕೊಟ್ಟಾಗ ಮೆತ್ತನೆಯ ಕೂದಲಿನ ಹೊಲದ ಇಲಿಗಳು ಪಿಡುಗಾಗಿ ಹಬ್ಬಿ, ಬಿತ್ತಿದ ಬೀಜವನ್ನೂ ಜೋಳದ ತೆನೆಯನ್ನೂ ತಿಂದುಹಾಕಿದ ಕಥೆ ಅದರಲ್ಲಿದೆ. ಹಲವು ರೈತರು ಕಂದಾಯ ಕಟ್ಟಲಾರದೆ ಹೋದರು. ಧಾನ್ಯದ ಕೂಲಿ ಕೊಟ್ಟು ಸಾವಿರಗಟ್ಟಲೆ ಇಲಿಗಳನ್ನು ಕೊಲ್ಲಿಸಿದರೂ ಅವುಗಳ ಸಂಖ್ಯೆ ಕುಗ್ಗಿದಂತೆ ಕಾಣಲಿಲ್ಲ.

ಏಕೆ? ನಮ್ಮ ಮನೆಯ ಚಿಟ್ಟಿಲಿಯನ್ನೇ ನೋಡೋಣ. ಹೆತ್ತ ಒಂದು ದಿನದೊಳಗೆ ಅದು ಮತ್ತೆ ಗರ್ಭ ಧರಿಸಬಲ್ಲದು. ಒಂದು ಸೂಲಿಗೆ ಹಾಲೂಡುತ್ತಲೇ ಇನ್ನೊಂದನ್ನು ಹೊರುತ್ತದೆ. ಸತ್ತ ಇಲಿಗಳ ಸ್ಥಾನವನ್ನು ತುಂಬುವುದು ಉಳಿದ ತಾಯಂದಿರಿಗೆ ಸಿಕ್ಕ ಕಾಳು. ಖಾನಾಪುರದ ರೈತನ ಕಣಜವಾಗಲಿ, ಪೇಟೆಯ ವ್ಯಾಪಾರಿಯ ಗೋದಾಮಾಗಲಿ, ಚೀಲಗಳನ್ನು ನೆಲದಿಂದ ಎತ್ತರಿಸಿ, ಬಿಲ ಮುಚ್ಚಿ, ಚೆಲ್ಲಿದ ಕಾಳನ್ನು ಗುಡಿಸಿದರೆ ತಾಯಿಯ ತುತ್ತು ತಪ್ಪುತ್ತದೆ. ತಾಯಿಗೆ ತುತ್ತಿಲ್ಲದಿದ್ದರೆ ಮರಿಗಳಿಗೆ ಹಾಲಿಲ್ಲ. ಬೋನು, ವಿಷಗಳಿಗಿಂತ ಮೊದಲು ನಾವು ಕೈಗೆತ್ತಿಕೊಳ್ಳಬೇಕಾದುದು ಪೊರಕೆಯನ್ನು.