ಲೋಡರ್ ಬಕೆಟ್ ಏಳ್ತಿಲ್ವಾ? ಪಂಪ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮಳೆ ಹಿಡಿಯುವ ಮೊದಲು ತಿಪ್ಪೆ ಗೊಬ್ಬರ ಹೊಲ, ತೋಟಕ್ಕೆ ಹೊಡೆದು ಮುಗಿಸಬೇಕು. ಆಳು ಸಿಗೋದು ಕಷ್ಟ ಅಂತ ಮಿನಿ ಟ್ರ್ಯಾಕ್ಟರ್ ಮುಂದೆ ಲೋಡರ್ ಕೂರಿಸಿಕೊಂಡವರು ಗೊಬ್ಬರ, ಮಣ್ಣು, ಜಲ್ಲಿ ತುಂಬೋಕೆ ಬಾಡಿಗೆಗೂ ಹೋಗ್ತಾರೆ. ಇಂಥ ಹೊತ್ತಲ್ಲಿ ಬಕೆಟ್ ಅರ್ಧಕ್ಕೆ ನಿಂತರೆ ಅವತ್ತಿನ ದುಡಿಮೆ ಹೋಯಿತು. ಆಗ ಕೇಳಿಬರುವ ಮೊದಲ ಮಾತು 'ಪಂಪ್ ಹೋಗಿದೆ' ಅನ್ನೋದು. ಪಂಪ್ ದುಬಾರಿ ಭಾಗ. ಆದರೆ ತೊಂದರೆ ಎಷ್ಟೋ ಸಲ ಆಯಿಲ್, ಫಿಲ್ಟರ್, ಕಪ್ಲರ್‌ನಂಥ ಸಣ್ಣ ಜಾಗದಲ್ಲಿ ಇರುತ್ತೆ.

ಒಳಗೆ ನಡೆಯೋದೇನು?

ಪಂಪ್ ಟ್ಯಾಂಕಿನಿಂದ ಆಯಿಲ್ ಎಳೆದು ವಾಲ್ವಿಗೆ ಕಳಿಸುತ್ತೆ. ನಾವು ಲಿವರ್ ಎಳೆದಾಗ ವಾಲ್ವ್ ಒಳಗಿನ ಸ್ಪೂಲ್ ಸರಿದು, ಆಯಿಲ್ ಸಿಲಿಂಡರಿನ, ಅಂದ್ರೆ ನಮ್ಮವರು ಜಾಕ್ ಅನ್ನೋದರ, ಒಂದು ಬದಿಗೆ ನುಗ್ಗುತ್ತೆ. ಇನ್ನೊಂದು ಬದಿಯ ಆಯಿಲ್ ವಾಪಸ್ ಟ್ಯಾಂಕಿಗೆ ಹೋಗುತ್ತೆ.

ಪಂಪ್ ಆಯಿಲ್ ತಳ್ಳುತ್ತೆ ಅಷ್ಟೆ. ಮುಂದೆ ಭಾರ ಅಡ್ಡ ನಿಂತಾಗ ಒತ್ತಡ ಹುಟ್ಟುತ್ತೆ. ಒತ್ತಡ ಮಿತಿ ಮೀರಿದರೆ ರಿಲೀಫ್ ವಾಲ್ವ್ ತೆರೆದು ಆಯಿಲನ್ನು ಟ್ಯಾಂಕಿಗೆ ಬಿಡುತ್ತೆ. ಲಿವರ್ ಪೂರ್ತಿ ಎಳೆದು ಹಿಡಿದಾಗ 'ಗೊರ್' ಅಂತ ಬರೋ ಸದ್ದು ಅದೇ.

ಬಲ ಎಷ್ಟು? 50 ಮಿಲಿಮೀಟರ್ ಒಳವ್ಯಾಸದ ಒಂದು ಜಾಕ್‌ಗೆ 150 ಬಾರ್ ಒತ್ತಡ ಕೊಟ್ಟರೆ ಸುಮಾರು 3,000 ಕೆ.ಜಿ. ಬಲದಿಂದ ನೂಕುತ್ತೆ. ಜಾಕ್ ಬೂಮ್‌ನ ಬುಡದ ಹತ್ತಿರ ಕೂತಿರೋದ್ರಿಂದ ತುದಿಯ ಬಕೆಟ್‌ಗೆ ಸಿಗೋದು ಅದರಲ್ಲಿ ಸ್ವಲ್ಪ ಭಾಗ ಮಾತ್ರ.

ನಿಧಾನ ಬೇರೆ, ಶಕ್ತಿ ಇಲ್ಲದ್ದು ಬೇರೆ

ಬಕೆಟ್ ಏಳುವ ವೇಗ ಎಷ್ಟು ಆಯಿಲ್ ಹರಿಯುತ್ತೆ ಅನ್ನೋದರ ಮೇಲೆ ನಿಂತಿದೆ. ಎತ್ತುವ ಶಕ್ತಿ ಒತ್ತಡದ ಮೇಲೆ ನಿಂತಿದೆ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ್ದು: ಬಕೆಟ್ ಖಾಲಿ ಇದ್ದಾಗಲೂ ನಿಧಾನನಾ? ಅಥವಾ ಖಾಲಿ ಇದ್ದಾಗ ಚೆನ್ನಾಗಿ ಎದ್ದು, ಲೋಡ್ ಹಾಕಿದರೆ ನಿಲ್ಲುತ್ತಾ?

ಖಾಲಿ ಬಕೆಟ್ಟೂ ನಿಧಾನ ಅಂದ್ರೆ ಆಯಿಲ್ ಸಾಲ್ತಿಲ್ಲ. ಮಟ್ಟ ಕಡಿಮೆ ಇರಬಹುದು, ಸಕ್ಷನ್ ಜಾಲರಿ ಕಟ್ಟಿರಬಹುದು, ಸಕ್ಷನ್ ಪೈಪಿನ ಕ್ಲಾಂಪ್ ಸಡಿಲಾಗಿ ಗಾಳಿ ಎಳೀತಿರಬಹುದು. ಗಾಳಿ ಸೇರಿದರೆ ಬೂಮ್ ಜಗ್ಗಿ ಜಗ್ಗಿ ಏಳುತ್ತೆ, ಆಯಿಲ್ ನೊರೆ ಬರುತ್ತೆ. ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಕಂಡರೆ ನೀರು ಸೇರಿದೆ, ಬದಲಿಸಲೇಬೇಕು.

ಖಾಲಿ ಇದ್ದಾಗ ಸರಿಯಾಗಿದ್ದು ಲೋಡಿಗೆ ನಿಲ್ಲುತ್ತೆ ಅಂದ್ರೆ ಒತ್ತಡ ಕಟ್ಟುತ್ತಿಲ್ಲ. ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು, ಜಾಕ್‌ನ ಒಳಗಿನ ಸೀಲ್ ಹೋಗಿರಬಹುದು, ಪಂಪ್ ಸವೆದಿರಬಹುದು. ಅಥವಾ ಹಸಿ ಮಣ್ಣು ಮಿತಿ ಮೀರಿ ತುಂಬಿರಬಹುದು!

ಕೆಲಸ ಮಾಡ್ತಿರೋದನ್ನ ನೋಡಿ

ಬೂಮ್ ಏಳ್ತಿಲ್ಲ, ಆದರೆ ಬಕೆಟ್ ಮಗುಚುವ ಜಾಕ್ ಪೂರ್ತಿ ಬಲದಲ್ಲಿ ಕೆಲಸ ಮಾಡ್ತಿದೆಯಾ? ಹಾಗಿದ್ದರೆ ಪಂಪ್ ಬಹುತೇಕ ಸರಿಯಾಗಿದೆ. ತೊಂದರೆ ಬೂಮ್‌ನ ಜಾಕ್, ಪೈಪ್ ಅಥವಾ ಅದರ ಸ್ಪೂಲ್‌ನಲ್ಲಿ. ಎರಡೂ ಸೋತಿದ್ದರೆ ಆಯಿಲ್, ಫಿಲ್ಟರ್, ರಿಲೀಫ್ ವಾಲ್ವ್, ಕೊನೆಗೆ ಪಂಪ್.

ಲೋಡರ್‌ಗೂ ಹಿಂದಿನ ಲಿಫ್ಟಿಗೂ ಒಂದೇ ಪಂಪ್ ಇದ್ದರೆ ಹಿಂದೆ ಕಲ್ಟಿವೇಟರ್ ಎತ್ತಿ ನೋಡಿ. ಅದು ಸಲೀಸಾಗಿ ಎದ್ದರೆ ಪಂಪ್ ಮೇಲೆ ಅನುಮಾನ ಬೇಡ. ಲೋಡರ್‌ಗೆ ಬೇರೆ ಪಂಪ್, ಬೇರೆ ಟ್ಯಾಂಕ್ ಇದ್ದರೆ ಈ ಪರೀಕ್ಷೆ ನಡೆಯಲ್ಲ.

ಬಕೆಟ್ ಒಂದೇ ಕಡೆ ತಿರುಗಿ ವಾಪಸ್ ಬರಲ್ಲ ಅಂದ್ರೆ ಮೊದಲು ಕ್ವಿಕ್ ಕಪ್ಲರ್ ನೋಡಿ. ಪೂರ್ತಿ ಕೂರದಿದ್ದರೆ ಆಯಿಲ್ ದಾಟಲ್ಲ. ಕೂರಿಸೋಕೆ ಆಗದಷ್ಟು ಬಿಗಿ ಇದ್ದರೆ ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಬಂದ್ ಮಾಡಿ, ಲಿವರ್‌ಗಳನ್ನು ಎಲ್ಲಾ ಕಡೆ ಆಡಿಸಿ. ಒಳಗಿನ ಒತ್ತಡ ಇಳಿದ ಮೇಲೆ ಕೂರುತ್ತೆ.

ಎತ್ತಿಟ್ಟ ಬೂಮ್ ತಾನಾಗೇ ನಿಧಾನಕ್ಕೆ ಇಳಿಯೋದು ಹಳೇ ಲೋಡರ್‌ಗಳಲ್ಲಿ ಸಾಮಾನ್ಯ. ಬೇಗ ಇಳಿದರೆ ಸ್ಪೂಲ್ ಸವೆದಿದೆಯಾ, ಹೊರಗೆಲ್ಲಾದರೂ ಸೋರ್ತಿದೆಯಾ ನೋಡಿಸಿ. ಜಾಕ್ ಸೀಲ್ ಮಾತ್ರ ಬದಲಿಸಿ ವಾಲ್ವ್ ಹಾಗೇ ಬಿಟ್ಟರೆ ಬೂಮ್ ಮತ್ತೆ ಇಳಿಯಬಹುದು.

ಆಯಿಲ್ ಹಾಕುವಾಗ

ಮಟ್ಟದ ನೆಲದಲ್ಲಿ ನಿಲ್ಲಿಸಿ, ಬೂಮ್ ಇಳಿಸಿ, ಎಂಜಿನ್ ಬಂದ್ ಮಾಡಿ ಡಿಪ್‌ಸ್ಟಿಕ್ ನೋಡಿ. ಬೂಮ್ ಮೇಲಿದ್ದಾಗ ಆಯಿಲ್ ಜಾಕ್ ಒಳಗಿರುತ್ತೆ, ಟ್ಯಾಂಕಲ್ಲಿ ಕಡಿಮೆ ಕಾಣುತ್ತೆ. ಅದನ್ನ ನೋಡಿ ಸುರಿದರೆ ಹೆಚ್ಚಾಗುತ್ತೆ.

ಹಲವು ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸ್, ಆಯಿಲ್ ಬ್ರೇಕ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್. ಅಂಥ ಗಾಡಿಗೆ ಸಿಕ್ಕಿದ ಹೈಡ್ರಾಲಿಕ್ ಆಯಿಲ್ ಹಾಕಿದರೆ ಬ್ರೇಕ್, ಗೇರ್ ಕೆಡಬಹುದು. ಕಂಪನಿ ಪುಸ್ತಕದಲ್ಲಿರೋ ಗ್ರೇಡನ್ನೇ ಕೇಳಿ ತಗೊಳ್ಳಿ. ಸ್ಪೇರ್ ಅಂಗಡಿಯವರೂ ಆಯಿಲ್ ಕೊಡುವ ಮೊದಲು ಗಾಡಿ ಮಾಡೆಲ್ ಕೇಳಿದರೆ ಇಬ್ಬರಿಗೂ ಒಳ್ಳೇದು.

ಇನ್ನೊಂದು ರೂಢಿ ಇದೆ: ಲೋಡ್ ಏಳದಿದ್ದರೆ ರಿಲೀಫ್ ವಾಲ್ವ್ ಟೈಟ್ ಮಾಡೋದು. ಗೇಜ್ ಹಾಕಿ ಒತ್ತಡ ನೋಡದೆ ಅದನ್ನ ಮುಟ್ಟಬೇಡಿ. ಮಿತಿ ಮೀರಿದರೆ ಹೋಸ್ ಒಡೆಯುತ್ತೆ, ಬೂಮ್ ಬಾಗುತ್ತೆ.

ಜೀವದ ವಿಷಯ

ಎತ್ತಿದ ಬಕೆಟ್ಟನ್ನು ಹಿಡಿದಿರೋದು ಆಯಿಲ್ ಮಾತ್ರ. ಹೋಸ್ ಒಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ಬೀಳುತ್ತೆ. ಕೆಳಗೆ ನಿಲ್ಲಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ರಿಪೇರಿಗೆ ಮುಂಚೆ ಬಕೆಟ್ ನೆಲಕ್ಕಿಳಿಸಿ. ಮೇಲಿಟ್ಟೇ ಮಾಡಬೇಕಾದ ಕೆಲಸವಾದರೆ ಲೋಡರ್‌ಗೇ ಮಾಡಿದ ಕಬ್ಬಿಣದ ಲಾಕ್ ಹಾಕಿ. ಕಲ್ಲು, ಇಟ್ಟಿಗೆ ಪೇರಿಸಿ ನಂಬಬೇಡಿ.

ಹೋಸ್‌ನಲ್ಲಿ ಸೂಜಿ ಮೊನೆಯಷ್ಟು ತೂತಾಗಿದ್ದರೂ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಸೋರಿಕೆಯನ್ನು ಕೈಯಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಚರ್ಮದೊಳಗೆ ಆಯಿಲ್ ಹೋದರೆ ಮೊದಲಿಗೆ ನೋವೇ ಇರದೆ ಇರಬಹುದು. ಆದರೂ ತಡಮಾಡದೆ ಆಪರೇಷನ್ ಸೌಲಭ್ಯ ಇರುವ ದೊಡ್ಡಾಸ್ಪತ್ರೆಗೆ ಹೋಗಿ, 'ಒತ್ತಡದ ಆಯಿಲ್ ಒಳಗೆ ಹೋಗಿದೆ' ಅಂತಲೇ ಡಾಕ್ಟರಿಗೆ ಹೇಳಿ. ತಡವಾದರೆ ಬೆರಳು, ಕೈ ಕಳೆದುಕೊಳ್ಳುವ ಅಪಾಯ ಇದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ 'ಲೋಡರ್ ಕೆಟ್ಟಿದೆ' ಅಂದರೆ ಸಾಲದು. ನಿಧಾನನಾ, ಶಕ್ತಿ ಇಲ್ವಾ. ಒಂದು ಜಾಕ್‌ದಾ, ಎಲ್ಲದ್ದಾ. ಆಯಿಲ್ ಮಟ್ಟ, ಬಣ್ಣ ಹೇಗಿದೆ. ಹಿಂದಿನ ಲಿಫ್ಟ್ ಏಳುತ್ತಾ ಅಂತ ಹೇಳಿ. ಪಂಪ್ ಬದಲಿಸಬೇಕು ಅಂದರೆ, ಬಿಚ್ಚುವ ಮೊದಲು ಗೇಜ್ ಹಾಕಿ ತೋರಿಸಿ ಅಂತ ಕೇಳಿ.