ಉಗಾರದ ಉತಾರ, ನಮ್ಮ ಹುಡುಗರ ಪ್ರೋಗ್ರಾಂ

ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಲ್ಲಿ ಪಹಣಿಗೆ ‘ಉತಾರ’ ಅನ್ನುತ್ತಾರೆ. ನಮ್ಮ ಕಡೆ ಆರ್‌ಟಿಸಿ ಅಂದರೆ ಸಾಕು, ಅಜ್ಜಿಗೂ ಗೊತ್ತು. ಅದು ಕೃಷ್ಣಾ ತೀರದ ಕಬ್ಬಿನ ಸೀಮೆ. ಪಕ್ಕದ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಕಂಪೆನಿಯ ಸಕ್ಕರೆ ಕಾರ್ಖಾನೆ ಉಂಟು. ಅಲ್ಲಿನ ರೈತನಿಗೆ ಬೆಳೆ ಸಾಲ ಸಿಗಬೇಕಾದರೆ ಉತಾರ ಬೇಕು. ನಮ್ಮ ಮನೆಗಳಲ್ಲಿ ಬಾಪ ತೀರಿಕೊಂಡ ಮೇಲೆ ಒಬ್ಬ ಮಗ ದಮ್ಮಾಮಿನಲ್ಲಿ, ಇನ್ನೊಬ್ಬ ದುಬೈಯಲ್ಲಿ, ಮಗಳು ಬಂಟ್ವಾಳದಲ್ಲಿ ಇರುವಾಗ ಪಾಲಿನ ಜಾಗ ಹೆಸರಿಗೆ ಆಗಬೇಕಾದರೂ ಅದೇ ಕಾಗದ ಬೇಕು.

ಈ ಕಾಗದ ಕಂಪ್ಯೂಟರಿಗೆ ಬಂದ ಕತೆಯನ್ನು ನಮ್ಮ ಹುಡುಗರು, ಅದರಲ್ಲೂ ವಿಷುವಲ್ ಬೇಸಿಕ್ ಕಲಿತು ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುತ್ತಿರುವವರು, ಸ್ವಲ್ಪ ಕೂತು ಓದಬೇಕು.

ಭೂಮಿ ಯೋಜನೆಗೆ ಮೊದಲು ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ಬೆಳಗಾವಿ ಕಡೆ ಅವರನ್ನು ತಲಾಟಿ ಅನ್ನುವುದು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ ಇದ್ದರು. ಅವರು ಊರಲ್ಲಿ ಇಲ್ಲದ ದಿನ ಕೆಲಸ ಇಲ್ಲ, ಇದ್ದ ದಿನ ಕೈ ಬಿಸಿ ಮಾಡದೆ ಕೆಲಸ ಇಲ್ಲ ಎಂಬ ದೂರು ಎಲ್ಲ ಕಡೆ ಇತ್ತು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳ್ತನದಲ್ಲಿ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ರೈತರ ಹೆಸರುಗಳು ಕಂಪ್ಯೂಟರಿಗೆ ಹೋದವು. ಸಾಫ್ಟ್‌ವೇರ್ ಮಾಡಿದ್ದು ಕೇಂದ್ರ ಸರಕಾರದ ಎನ್‌ಐಸಿ. 2002ರ ಹೊತ್ತಿಗೆ ಕೈಬರಹದ ಪಹಣಿ ನಿಂತಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರುತ್ತಿತ್ತು.

ಆ ಸಾಫ್ಟ್‌ವೇರ್ ಯಾವುದರಲ್ಲಿ ಮಾಡಿದ್ದು ಗೊತ್ತುಂಟಾ? ವಿಷುವಲ್ ಬೇಸಿಕ್, ಹಿಂದೆ ಎಸ್‌ಕ್ಯೂಎಲ್ ಸರ್ವರ್, ವಿಂಡೋಸ್ ಎನ್‌ಟಿ. ನಮ್ಮ ಹುಡುಗರು ಕಲಿತದ್ದೇ. ಆದರೆ 177 ತಾಲೂಕುಗಳಲ್ಲಿ ತಾಲೂಕಿಗೊಂದು ಡೇಟಾಬೇಸ್. ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದರೂ ಅದನ್ನು ಅಷ್ಟೂ ಕಡೆ ಮುಟ್ಟಿಸಬೇಕು. ನಂತರದ ವರ್ಷಗಳಲ್ಲಿ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಬಂದವು, ಕೆಲಸ ಬ್ರೌಸರಿನಲ್ಲಿ ನಡೆಯತೊಡಗಿತು. ಉಗಾರ ಬುದ್ರುಕ ಮೊದಲು ಅಥಣಿ ತಾಲೂಕಿನಲ್ಲಿತ್ತು, ಈಗ ಹೊಸ ಕಾಗವಾಡ ತಾಲೂಕಿನಲ್ಲಿದೆ. ತಾಲೂಕಿಗೊಂದು ಪೆಟ್ಟಿಗೆ ಇದ್ದರೆ ಹಳೆ ಪೆಟ್ಟಿಗೆ ಒಡೆದು ಹೊಸತು ತುಂಬಬೇಕು. ದಾಖಲೆ ಒಂದೇ ಕಡೆ ಇದ್ದರೆ ಯಾವ ಊರು ಯಾರ ಕೈಕೆಳಗೆ ಎಂದು ಬದಲಾಯಿಸಿದರೆ ಹೆಚ್ಚಿನ ಕೆಲಸ ಆಯಿತು.

ಈಗ ನಮ್ಮ ವಿಷಯಕ್ಕೆ ಬರೋಣ. ಅಂಗಡಿಯ ಒಂದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನು ಸರ್ವರಿಗೆ ಬರೆಯಲು ಕೂತಾಗ ಭಾಷೆ ಕಷ್ಟವಾಗುವುದಿಲ್ಲ, ಯೋಚನೆಯ ಕ್ರಮವೇ ಬದಲಾಗಬೇಕಾಗುತ್ತದೆ. ಇದು ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಹಳೆ ಶಿಷ್ಯರು ಬಿಡಿಸಿ ಹೇಳಿದ್ದು. ನನಗೆ ಬೇಗ ಅರ್ಥವಾಯಿತು, ಏಕೆಂದರೆ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿ ಓದಿಸುವುದಕ್ಕೂ ಐವತ್ತು ಮಕ್ಕಳ ತರಗತಿಗೂ ಇರುವ ವ್ಯತ್ಯಾಸವೇ ಇದು.

ಡೆಸ್ಕ್‌ಟಾಪಿನಲ್ಲಿ ಬಳಸುವವನು ಒಬ್ಬ. ಅವನ ಹೆಸರನ್ನು ಮಾಡ್ಯೂಲಿನ ಗ್ಲೋಬಲ್ ವೇರಿಯೇಬಲಿನಲ್ಲಿ ಇಟ್ಟರೆ ತೊಂದರೆಯಿಲ್ಲ. ಅದೇ ಅಭ್ಯಾಸ ಸರ್ವರಿಗೆ ಹೋದರೆ? ಅಲ್ಲಿ ಆ ವೇರಿಯೇಬಲ್ ಎಲ್ಲರಿಗೂ ಒಂದೇ. ಕಾಗವಾಡದವನು ಲಾಗಿನ್ ಆದ ಮರುಕ್ಷಣ ಬಂಟ್ವಾಳದವನು ಲಾಗಿನ್ ಆದರೆ, ಮೊದಲನೆಯವನ ಪರದೆಯಲ್ಲಿ ಎರಡನೆಯವನ ಹೆಸರು, ಅವನ ಲೆಕ್ಕ! ಒಬ್ಬನೇ ಕೂತು ಪರೀಕ್ಷಿಸಿದರೆ ಈ ದೋಷ ಕಾಣುವುದೇ ಇಲ್ಲ. ಹಾಗೆಯೇ ಮೆಸೇಜ್ ಬಾಕ್ಸ್. ಸರ್ವರ್ ಕೋಡಿನಲ್ಲಿ ಅದನ್ನು ಹಾಕಿದರೆ ಗ್ರಾಹಕನಿಗೆ ಏನೂ ಕಾಣದು, ‘ಓಕೆ’ ಒತ್ತಲು ಸರ್ವರ್ ಕೋಣೆಯಲ್ಲಿ ಯಾರೂ ಕೂತಿರುವುದಿಲ್ಲ ಮಾರಾಯ್ರೇ. ತಪ್ಪಾದದ್ದನ್ನು ಲಾಗ್ ಫೈಲಿನಲ್ಲಿ ಬರೆದಿಡಬೇಕು.

ದೊಡ್ಡ ಪಾಠ ಬೇರೆ ಉಂಟು. ಒಂದು ಜಾಗದ ದಾಖಲೆಯನ್ನು ಇಬ್ಬರು ಒಂದೇ ಸಮಯದಲ್ಲಿ ತೆರೆದರು. ಒಬ್ಬ ಪಾಲುದಾರರ ಹೆಸರು ಸೇರಿಸಿದ. ಇನ್ನೊಬ್ಬ ಹಳೆ ಪ್ರತಿ ನೋಡಿಕೊಂಡೇ ಸಾಲದ ವಿವರ ತುಂಬಿ ಸೇವ್ ಒತ್ತಿದ. ಸೇರಿಸಿದ ಹೆಸರು ಮಾಯ. ತಂಗಿಯ ಪಾಲು ಹೋಯಿತು, ಮೋಸ ಮಾಡಿದವರು ಯಾರೂ ಇಲ್ಲ! ಇದಕ್ಕೆ ಉಪಾಯ ಸರಳ. ಪ್ರತಿ ದಾಖಲೆಗೆ ಆವೃತ್ತಿ ಸಂಖ್ಯೆ ಇಡಬೇಕು. ಸೇವ್ ಮಾಡುವಾಗ ತಾನು ಓದಿದ ಸಂಖ್ಯೆಯೇ ಇನ್ನೂ ಇದೆಯಾ ಎಂದು ನೋಡಬೇಕು, ಇಲ್ಲದಿದ್ದರೆ ನಿರಾಕರಿಸಬೇಕು. ಜೊತೆಗೆ ಟ್ರಾನ್ಸಾಕ್ಷನ್: ಅಣ್ಣನ ಖಾತೆಯಿಂದ ಕಳೆದು ತಂಗಿಯ ಖಾತೆಗೆ ಸೇರಿಸುವ ಎರಡು ಕೆಲಸ ಒಟ್ಟಿಗೆ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ಕರೆಂಟ್ ಹೋದರೂ ಅಷ್ಟೇ.

ಭೂಮಿಯಲ್ಲಿ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂದು ಸಾಫ್ಟ್‌ವೇರಿನಲ್ಲೇ ಕಟ್ಟಿದ್ದರು. ಪರಿಚಯದವರ ಅರ್ಜಿಯನ್ನು ಮೇಲೆ ಇಡಲು ದಾರಿ ಇಲ್ಲ. ಕೆಲಸ ಮಾಡುವವರಿಗೆ ಬೆರಳಚ್ಚು ಕಡ್ಡಾಯ, ಹಾಗಾಗಿ ಯಾರು ತಿದ್ದಿದ್ದು ಎಂಬುದು ಉಳಿಯುತ್ತದೆ. ಇಂಥ ನಿಯಮ ಪರದೆಯ ಬಟನಿನಲ್ಲಿ ಮಾತ್ರ ಇದ್ದರೆ ಸಾಲದು, ಸರ್ವರಿನಲ್ಲಿ ಇರಬೇಕು. ಬ್ರೌಸರಿನಿಂದ ಬರುವ ಮಾಹಿತಿಯನ್ನು ಯಾರೂ ತಿರುಚಿ ಕಳಿಸಬಹುದು.

ಎಲ್ಲಿಂದ ಶುರು ಮಾಡುವುದು? ವಿಷುವಲ್ ಬೇಸಿಕ್ 6ಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿದೆ. ಅದು ಗೊತ್ತಿರುವವನಿಗೆ ಸಿ ಶಾರ್ಪ್ ಹತ್ತಿರದ ದಾರಿ. 2016ರಲ್ಲಿ ಬಂದ ಡಾಟ್‌ನೆಟ್ ಕೋರ್‌ನಿಂದ ಹಿಡಿದು ಅದು ಲಿನಕ್ಸಿನಲ್ಲೂ ಓಡುತ್ತದೆ, ಕಾಸು ಕೊಡಬೇಕಾಗಿಲ್ಲ. ಬ್ಯಾಂಕು, ವಿಮೆಯಂಥ ದೊಡ್ಡ ಕಂಪೆನಿಗಳ ಕೆಲಸ ಬೇಕಾದರೆ ಜಾವಾ, ಸ್ಪ್ರಿಂಗ್ ಕಲಿಯಬಹುದು. ಡೇಟಾಬೇಸಿಗೆ ಪೋಸ್ಟ್‌ಗ್ರೆಸ್ ಉಚಿತ. ಎಸ್‌ಕ್ಯೂಎಲ್ ಗೊತ್ತಿದ್ದವನ ಅರ್ಧ ದಾರಿ ಆಗಲೇ ಮುಗಿದಿದೆ, ಇದನ್ನು ಹುಡುಗರು ನಂಬುವುದಿಲ್ಲ. ಸರ್ಟಿಫಿಕೇಟಿಗೆ ಸಾವಿರಾರು ರೂಪಾಯಿ ಕೀಳುವ ಕೋರ್ಸುಗಳಿಗೆ ಓಡುವ ಮೊದಲು ಮನೆಯಲ್ಲೇ ಒಂದು ಅಂಗಡಿಯ ಉದ್ರಿ ಲೆಕ್ಕದ ಪ್ರೋಗ್ರಾಂ ಮಾಡಿ. ತಮ್ಮನ ಮೊಬೈಲಿನಿಂದಲೂ ನಿಮ್ಮ ಮೊಬೈಲಿನಿಂದಲೂ ಒಂದೇ ಗಿರಾಕಿಯ ಬಾಕಿಯನ್ನು ಒಟ್ಟಿಗೆ ತಿದ್ದಿ, ಒಟ್ಟಿಗೆ ಸೇವ್ ಒತ್ತಿ. ಬಾಕಿ ಎಷ್ಟು ಬಂತು ನೋಡಿ. ಲೆಕ್ಕ ತಪ್ಪಿದರೆ ಇನ್ನೊಂದು ವಾರ ಅಲ್ಲೇ ಕೂತುಕೊಳ್ಳಿ.